ಪೋಸ್ಟರಿನಲ್ಲಿ ತಂಬೂರಿ ಕಂಡಿತೆಂದು ಟಿಕೆಟ್ ತೆಗೆಯಬೇಡಿ

ಕಳೆದ ತಿಂಗಳು ಅಮ್ಮ ಮತ್ತು ತಂಗಿಯನ್ನು ಕರೆದುಕೊಂಡು ಬೆಂಗಳೂರಿನ ಹೊರಗೆ ಒಂದು ರೆಸಾರ್ಟಿನಲ್ಲಿ ನಡೆದ ‘ಜಾನಪದ ಸಂಗೀತ ಹಬ್ಬ’ಕ್ಕೆ ಹೋಗಿದ್ದೆ. ತಲೆಗೆ 1,499 ರೂಪಾಯಿ. ಬುಕಿಂಗ್ ಶುಲ್ಕ, ಪಾರ್ಕಿಂಗ್ ಎಲ್ಲಾ ಸೇರಿ ಐದು ಸಾವಿರದ ಹತ್ತಿರ ಹೋಯಿತು. ದುಡ್ಡಿನ ಸಂಕಟ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಇದನ್ನು ಬರೆಯಲು ಕೂತದ್ದು ಅದಕ್ಕಲ್ಲ. ಅವತ್ತು ಅಮ್ಮನ ಮುಖ ಇಳಿದುಹೋದದ್ದು ಇನ್ನೂ ಕಣ್ಣ ಮುಂದಿದೆ. ಅದೇ ರೀತಿಯ ಪೋಸ್ಟರುಗಳು ಈಗಲೂ ನನ್ನ ಫೋನಿಗೆ ಬರುತ್ತಲೇ ಇವೆ.

ಅಮ್ಮನ ತವರು ಮಳವಳ್ಳಿ ಕಡೆ. ಅವರ ಮನೆ ಸಿದ್ದಪ್ಪಾಜಿ ಒಕ್ಕಲು, ಅಂದರೆ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಗೆ ನಡೆದುಕೊಳ್ಳುವ ಮನೆತನ. ಅವಳು ಚಿಕ್ಕವಳಿದ್ದಾಗ, ತಂಬೂರಿ ಹಿಡಿದು ಆ ಗುರು–ಶಿಷ್ಯರ ಕಥೆ ಹಾಡುವ ನೀಲಗಾರರು ಬಂದು ಜಗಲಿಯ ಮೇಲೆ ಕೂತರೆ ಕೋಳಿ ಕೂಗುವವರೆಗೂ ಕಥೆ ನಡೆಯುತ್ತಿತ್ತಂತೆ. ಮಕ್ಕಳು ಅಲ್ಲೇ ಕಂಬಳಿ ಹೊದ್ದು ಮಲಗಿ, ಎಚ್ಚರವಾದಾಗ ಕಥೆ ಎಲ್ಲಿಗೆ ಬಂತು ಅಂತ ಕೇಳಿಕೊಂಡು ಮತ್ತೆ ಕಣ್ಣು ಮುಚ್ಚುತ್ತಿದ್ದರಂತೆ. ಈಗ ಮಂಡಿನೋವು, ಜಾತ್ರೆಗೆ ಹೋಗಿ ನೆಲದ ಮೇಲೆ ಕೂರಲಾಗುವುದಿಲ್ಲ. ಪೋಸ್ಟರಿನ ತುಂಬಾ ತಂಬೂರಿ ಹಿಡಿದ ಹಿರಿಯರೊಬ್ಬರ ಫೋಟೋ. ಕೆಳಗೆ ‘ಮಂಟೇಸ್ವಾಮಿ ಕಾವ್ಯ, ಕಂಸಾಳೆ, ತಮಟೆ, ಗೀಗಿಪದ, ಸಂಜೆ 4ರಿಂದ ರಾತ್ರಿ 10’ ಅಂತ ಇತ್ತು. ಆರು ಗಂಟೆಯ ಕಾರ್ಯಕ್ರಮ, ಕೂರಲು ಕುರ್ಚಿ, ಹತ್ತಿರದಲ್ಲೇ ಶೌಚಾಲಯ. ಇನ್ನೇನು ಬೇಕು ಅಂದುಕೊಂಡು ಆ ಕ್ಷಣವೇ ಟಿಕೆಟ್ ತೆಗೆದೆ.

ನಾಲ್ಕಕ್ಕೆ ಹೋದರೆ ಗೇಟಿನಲ್ಲೇ ಡೊಳ್ಳಿನವರು ನಿಂತಿದ್ದರು. ಪ್ರಾಯೋಜಕರ ಕಾರು ಬಂದಾಗಲೆಲ್ಲ ಎರಡು ನಿಮಿಷ ಬಾರಿಸಬೇಕು, ಕಾರು ಒಳಗೆ ಹೋದ ಮೇಲೆ ನಿಲ್ಲಿಸಬೇಕು. ಎರಡು ಗಂಟೆ ಹೊತ್ತು ಇದೇ ಕೆಲಸ. ಆ ತಂಡಕ್ಕೆ ವೇದಿಕೆ ಸಿಗಲೇ ಇಲ್ಲ. ಐದೂಮುಕ್ಕಾಲಿಗೆ ದೀಪ ಬೆಳಗಿದರು, ಭಾಷಣಗಳಾದವು. ಆಮೇಲೆ ಬಂದದ್ದು ಗಿಟಾರು, ಕೀಬೋರ್ಡು, ಡ್ರಮ್ಸ್ ಇಟ್ಟುಕೊಂಡ ಒಂದು ಬ್ಯಾಂಡು. ಹುಡುಗರು ಚೆನ್ನಾಗಿಯೇ ಹಾಡಿದರು, ಅವರ ಮೇಲೆ ನನ್ನ ದೂರಿಲ್ಲ. ಆದರೆ ಪೋಸ್ಟರಿನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿದ್ದ ಆ ಬ್ಯಾಂಡಿಗೆ ಒಂದೂವರೆ ಗಂಟೆ ಕೊಟ್ಟಿದ್ದರು.

ತಮಟೆಯವರದು ನೋಡಲಾಗದ ಪಾಡು. ಚರ್ಮದ ತಮಟೆಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸಬೇಕು, ಇಲ್ಲದಿದ್ದರೆ ನಾದ ಏಳುವುದಿಲ್ಲ. ಅದರಲ್ಲೂ ಸಂಜೆಯ ತಂಪಿಗೆ ಚರ್ಮ ಬೇಗ ಸಡಿಲವಾಗುತ್ತದೆ. ಅವರು ನಾಲ್ಕು ಹಿಡಿ ಹುಲ್ಲು, ಒಂದಿಷ್ಟು ರದ್ದಿ ಪೇಪರು ಜೊತೆಗೇ ತಂದಿದ್ದರು. ಹಚ್ಚಲು ಹೋದರೆ ಸೆಕ್ಯೂರಿಟಿಯವನು ಓಡಿ ಬಂದ, ಲಾನ್ ಸುಟ್ಟುಹೋಗುತ್ತದೆ ಅಂತ. ಮೂಲೆಯಲ್ಲಿ ಒಂದು ಕಬ್ಬಿಣದ ಬಾಣಲೆ ಕೊಟ್ಟಿದ್ದರೂ ಸಾಕಿತ್ತು. ಯಾರೂ ಕೊಡಲಿಲ್ಲ. ಸಡಿಲ ತಮಟೆಯಲ್ಲೇ ಬಾರಿಸಿದರು, ರಟ್ಟು ಬಡಿದ ಹಾಗೆ ಕೇಳಿಸಿತು. ನನ್ನ ಪಕ್ಕ ಕೂತಿದ್ದವರು ‘ಅಷ್ಟೇನೂ ಇಲ್ಲವಲ್ಲ’ ಅಂದಾಗ ನನಗೆ ತಡೆಯಲಾಗಲಿಲ್ಲ, ಎದ್ದು ನಿಂತು ಕಾರಣ ಹೇಳಿದೆ. ತಮಟೆಗೆ ಬೆಂಕಿ ಬೇಕು ಅನ್ನುವಷ್ಟೂ ಗೊತ್ತಿಲ್ಲದವರು ತಮಟೆ ಹಬ್ಬ ಮಾಡಲು ಹೊರಟಿದ್ದರು.

ಕಂಸಾಳೆಯವರಿಗೆ ಹಾಡಬೇಡಿ, ಬರೀ ಕುಣಿತ ಸಾಕು ಅಂದರಂತೆ. ಎಡಗೈಯ ಬಟ್ಟಲಿಗೆ ಬಲಗೈಯ ಕುಚ್ಚಿನ ತಾಳ ಬೀಸಿ ಬಡಿಯುವ ಸದ್ದೇ ಕೇಳದಂತೆ ಹಿಂದಿನಿಂದ ರೆಕಾರ್ಡ್ ಹಾಕಿದ್ದರು. ಕಂಸಾಳೆಯವರು ಹಾಡುವ ಮಾದೇಶ್ವರನ ಕಥೆ ಬರಲೇ ಇಲ್ಲ. ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ನಿಂತರು, ಜನ ಫೋಟೋ ತೆಗೆದರು. ಗೀಗಿಪದದವರು ಬಂದೇ ಇರಲಿಲ್ಲ.

ನೀಲಗಾರರು ವೇದಿಕೆಗೆ ಬಂದಾಗ ಎಂಟೂ ನಲವತ್ತು. ಮೂವರಿಗೂ ಸೇರಿ ಎರಡು ಮೈಕು, ಎರಡೂ ಬಾಯಿಗೆ. ತಂಬೂರಿ ಮೀಟುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಬೀಳುತ್ತಿರಲಿಲ್ಲ. ಆದರೂ ಮುಂದೆ ಹಾಡುವವರ ಗಂಟಲು ಎಂಥದ್ದು ಅಂದರೆ ಅಮ್ಮ ಕುರ್ಚಿಯಲ್ಲೇ ಮುಂದಕ್ಕೆ ಜರುಗಿ ಕೈ ಮುಗಿದಳು. ಅವರು ಎತ್ತಿಕೊಂಡದ್ದು ಹಲಗೂರಿನ ಭಾಗ. ಗುರು ಮಂಟೇಸ್ವಾಮಿ ಹೇಳಿದಂತೆ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ, ಅಂದರೆ ಕಬ್ಬಿಣದ ಕೆಲಸದವರ, ಹತ್ತಿರ ಕಬ್ಬಿಣದ ಭಿಕ್ಷೆ ಬೇಡಲು ಹೋಗುವುದು, ಅಲ್ಲಿ ಅವನು ಎದುರಿಸುವ ಪರೀಕ್ಷೆಗಳು. ಸಿದ್ದಪ್ಪಾಜಿ ಹಲಗೂರಿನ ಬಾಗಿಲಿಗೆ ಬಂದು ನಿಂತಿದ್ದಾನೆ, ಅಷ್ಟರಲ್ಲಿ ವೇದಿಕೆಯ ಪಕ್ಕದಿಂದ ಒಬ್ಬ ಹುಡುಗ ಕೈ ಎತ್ತಿ ಮುಗಿಸಿ ಅಂತ ಸನ್ನೆ ಮಾಡಿದ. ಹಾಡುವವರು ನೋಡಿಯೂ ಮುಂದುವರಿಸಿದರು. ಮೈಕ್ ಆಫ್ ಆಯಿತು. ದೀಪ ಬಣ್ಣಕ್ಕೆ ತಿರುಗಿ ಡಿಜೆ ಶುರುವಾಯಿತು. ನನ್ನ ಫೋನಿನ ರೆಕಾರ್ಡಿಂಗಿನಲ್ಲಿ ಇಡೀ ಮಂಟೇಸ್ವಾಮಿ ಕಾವ್ಯದ ಲೆಕ್ಕ ಹನ್ನೊಂದು ನಿಮಿಷ.

‘ಅಲ್ಲ ಕಣ್ಲಾ, ಭಿಕ್ಷ ಸಿಗಕ್ಕೂ ಮುಂಚೇನೆ ನಿಲ್ಲುಸ್ಬುಟ್ರಲ್ಲ’ ಅಂದಳು ಅಮ್ಮ. ಕಾರಿನ ತನಕ ಮತ್ತೆ ಮಾತಾಡಲಿಲ್ಲ.

ಪಾರ್ಕಿಂಗಿನಲ್ಲಿ ಆ ಮೂವರೂ ಟೆಂಪೋಗಾಗಿ ಕಾಯುತ್ತಿದ್ದರು. ಅಮ್ಮ ತಾನಾಗಿಯೇ ಹೋಗಿ ಮಾತಾಡಿಸಿದಳು. ಯಾವೂರು, ಯಾರ ಪೈಕಿ ಅಂತ ಶುರುವಾಗಿ ಹತ್ತು ನಿಮಿಷದಲ್ಲಿ ನೆಂಟಸ್ತಿಕೆಯೇ ಸಿಕ್ಕಿತು. ಅವರಿಗೆ ಇಪ್ಪತ್ತು ನಿಮಿಷ ಅಂತ ಹೇಳಿ ಕರೆಸಿದ್ದರಂತೆ. ಮಾತಾಡಿಕೊಂಡ ದುಡ್ಡಿನಲ್ಲಿ ಅರ್ಧ ಬಂದಿದೆ, ಉಳಿದದ್ದೂ ಬಸ್ ಚಾರ್ಜೂ ಆಮೇಲೆ ಹಾಕುತ್ತೇವೆ ಅಂದಿದ್ದಾರೆ. ಮಧ್ಯದಲ್ಲಿ ಒಬ್ಬ ಏಜೆಂಟು, ಅವನ ಪಾಲು ಬೇರೆ. ‘ಯಜಮಾನ್ರೇ, ಹಲಗೂರಿಂದ ಮುಂದ್ಕೆ ಒಂಚೂರು ಹೇಳಿ’ ಅಂತ ಅಮ್ಮ ಕೇಳಿದಳು. ವೇದಿಕೆಯಲ್ಲಿ ಮುಂದೆ ಹಾಡಿದವರು ಚೀಲದಿಂದ ತಂಬೂರಿ ತೆಗೆದರು. ಕಾರುಗಳ ನಡುವೆ, ಮೈಕಿಲ್ಲದೆ, ಟೆಂಪೋ ಬರುವವರೆಗೂ ಹಾಡಿದರು. ನಾವು ಅವತ್ತು ಕೇಳಿದ ಸಂಗೀತ ಅಂದರೆ ಅದೊಂದೇ. ಅಮ್ಮ ತನ್ನ ಪರ್ಸಿನಲ್ಲಿದ್ದದ್ದನ್ನೆಲ್ಲ ಅವರ ಕೈಗಿಟ್ಟಳು.

ಈಗ ನಾನು ಯಾವುದೇ ಹಬ್ಬಕ್ಕೆ ಹೊರಡುವ ಮೊದಲು ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ, ಒಂದೊಂದು ತಂಡಕ್ಕೆ ಎಷ್ಟು ಹೊತ್ತು ಕೊಟ್ಟಿದ್ದೀರಿ ಅನ್ನುವುದು. ಕಥೆ ಹೇಳುವ ಹಾಡಿಗೆ ಮುಕ್ಕಾಲು ಗಂಟೆಯಾದರೂ ಇಲ್ಲದಿದ್ದರೆ ಅಲ್ಲಿ ಕೇಳಲು ಏನೂ ಸಿಗುವುದಿಲ್ಲ. ಗೀಗಿಪದದಲ್ಲಿ ಹರದೇಶಿ–ನಾಗೇಶಿ ಅಂತ ಎರಡು ಪಕ್ಷ ಎದುರುಬದುರು ನಿಂತು ಸವಾಲು–ಜವಾಬು ನಡೆಸುತ್ತವೆ, ಒಬ್ಬರದು ಗಂಡಿನ ಹೆಚ್ಚುಗಾರಿಕೆ, ಇನ್ನೊಬ್ಬರದು ಹೆಣ್ಣಿನದು. ಒಂದೇ ತಂಡ ಕರೆಸಿ ಹತ್ತು ನಿಮಿಷ ಕೊಟ್ಟರೆ ಸವಾಲು ಹಾಕಿದವರಿಗೆ ಜವಾಬು ಕೊಡುವವರೇ ಇರುವುದಿಲ್ಲ. ಎರಡನೆಯದು, ಕಲಾವಿದರ ಹೆಸರು, ಊರು ಕೇಳಿ. ನಾವು ನೋಡಿದ ಪೋಸ್ಟರಿನಲ್ಲಿ ಬ್ಯಾಂಡಿನ ಐದೂ ಹುಡುಗರ ಹೆಸರಿತ್ತು, ನೀಲಗಾರರದು ಬರೀ ‘ಮಂಟೇಸ್ವಾಮಿ ತಂಡ’. ಅದನ್ನು ಅವತ್ತೇ ಗಮನಿಸಬೇಕಿತ್ತು. ಫೋಟೋದಲ್ಲಿದ್ದ ಹಿರಿಯರು ಕಾರ್ಯಕ್ರಮದಲ್ಲಿ ಇರಲೇ ಇಲ್ಲ, ಅದು ಎಲ್ಲಿಂದಲೋ ತೆಗೆದ ಚಿತ್ರ. ಸಾಧ್ಯವಾದರೆ ತಂಡದವರಿಗೇ ಫೋನ್ ಮಾಡಿ. ಅವರಿಗೆ ತಮ್ಮ ಸರದಿ ಎಷ್ಟು ಗಂಟೆಗೆ ಅಂತಲೇ ಗೊತ್ತಿಲ್ಲದಿದ್ದರೆ ನೀವೂ ಹೋಗಬೇಡಿ.

ಹಾಗಾದರೆ ಎಲ್ಲಿಗೆ ಹೋಗಬೇಕು ಅಂತ ತಂಗಿಯೂ ಕೇಳಿದಳು. ಮನೆಯಲ್ಲಿ ವಯಸ್ಸಾದವರಿದ್ದರೆ ರಾಮನಗರದ ಜಾನಪದ ಲೋಕದ ಲೋಕೋತ್ಸವಕ್ಕೆ ಹೋಗಿ. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾಗ, ಬೆಂಗಳೂರು–ಮೈಸೂರು ರಸ್ತೆಯಲ್ಲೇ ಇದೆ. ಮೈಸೂರು ದಸರಾದ ಜಂಬೂಸವಾರಿಯಲ್ಲಿ ಎಷ್ಟೊಂದು ತಂಡಗಳು ಬರುತ್ತವೆ, ನೋಡಲು ಕಣ್ಣು ಸಾಲದು, ಆದರೆ ಅದು ಮೆರವಣಿಗೆ. ಒಂದೊಂದು ತಂಡ ನಿಮ್ಮ ಮುಂದೆ ಹಾದುಹೋಗುವಷ್ಟು ಹೊತ್ತು ಮಾತ್ರ. ಕೂತು ಕೇಳುವ ಆಸೆಯಿದ್ದವರು ಅದನ್ನು ನಂಬಿ ಹೋಗಬಾರದು.

ಗಟ್ಟಿ ಮೈಯವರು ಜಾತ್ರೆಗೇ ಹೋಗಿ. ಬನದ ಹುಣ್ಣಿಮೆಗೆ, ಅಂದರೆ ಹೆಚ್ಚಾಗಿ ಜನವರಿಯಲ್ಲಿ, ಸಿದ್ದಪ್ಪಾಜಿಯ ಕ್ಷೇತ್ರ ಚಿಕ್ಕಲ್ಲೂರಿನಲ್ಲಿ, ಬಿದಿರಿಗೆ ಬಟ್ಟೆ ಸುತ್ತಿ ಕಟ್ಟಿದ ಚಂದ್ರಮಂಡಲ ಹೊತ್ತಿಸಿದ ಮೇಲೆ ಜಾತ್ರೆ ದಿನಗಟ್ಟಲೆ ನಡೆಯುತ್ತದೆ. ಇದೇ ಪರಂಪರೆಯ ಇನ್ನೊಂದು ಕ್ಷೇತ್ರ, ಕಾವೇರಿ ದಡದ ಕಪ್ಪಡಿಯಲ್ಲಿ ಶಿವರಾತ್ರಿಗೆ ಶುರುವಾದ ಜಾತ್ರೆ ಯುಗಾದಿಯ ತನಕ ಇರುತ್ತದೆ. ಅಲ್ಲಿ ವೇದಿಕೆ ಇಲ್ಲ, ಪಟ್ಟಿ ಇಲ್ಲ. ಬಿಡಾರಗಳ ಮಧ್ಯೆ ರಾತ್ರಿ ನಡೆದುಕೊಂಡು ಹೋಗುತ್ತಿದ್ದರೆ ಎಲ್ಲೋ ತಂಬೂರಿ ಕೇಳಿಸುತ್ತದೆ, ಹೋಗಿ ಕೂರಬೇಕು, ಕಾಣಿಕೆ ಹಾಕಬೇಕು. ಜನಜಂಗುಳಿ, ಧೂಳು, ಚಳಿ ಇದ್ದೇ ಇರುತ್ತದೆ, ಕಂಬಳಿ ಮತ್ತು ಟಾರ್ಚ್ ಮರೆಯಬೇಡಿ. ಅವರು ಹಾಡುತ್ತಿರುವುದು ಒಕ್ಕಲಿನವರಿಗಾಗಿ, ಮುಖದ ಮುಂದೆ ಫೋನ್ ಹಿಡಿಯಬೇಡಿ.

ದುಡ್ಡು ವಾಪಸ್ ಕೇಳಿ ಎರಡು ಸಲ ಮೇಲ್ ಮಾಡಿದೆ. ‘ಕಾರ್ಯಕ್ರಮದಲ್ಲಿ ಬದಲಾವಣೆ ಆಗಬಹುದು’ ಅಂತ ಟಿಕೆಟಿನ ಷರತ್ತಿನಲ್ಲೇ ಇದೆ ಅಂತ ಉತ್ತರ ಬಂತು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಇನ್ನೂ ಏನೂ ತೀರ್ಮಾನವಾಗಿಲ್ಲ. ದೂರಿನ ಜೊತೆ ಆ ಪೋಸ್ಟರ್ ಹಾಕೋಣ ಅಂತ ಹುಡುಕಿದರೆ ಹಬ್ಬ ಮುಗಿದ ಎರಡನೇ ದಿನಕ್ಕೇ ಅವರು ಅದನ್ನು ತೆಗೆದುಹಾಕಿದ್ದರು. ನನ್ನ ಪುಣ್ಯ, ತಂಗಿ ಅದನ್ನು ಅಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದಳು, ಅಮ್ಮ ಅಳಿಸಿರಲಿಲ್ಲ. ನೀವು ಟಿಕೆಟ್ ತೆಗೆದ ದಿನವೇ ಪೋಸ್ಟರಿನ ಸ್ಕ್ರೀನ್‌ಶಾಟ್, ಷರತ್ತುಗಳ ಪುಟ ಎರಡನ್ನೂ ಉಳಿಸಿಟ್ಟುಕೊಳ್ಳಿ.