ಬಾಯ್ಲ್ ಹೈಟ್ಸ್‌ನ ಒಂದು ಯೂತ್ ಕ್ಲಿನಿಕ್: ಮಕ್ಕಳ ಕಡೆಗೆ 5 ಸ್ಟಾರ್, ಅಮ್ಮಂದಿರ ಕಡೆಗೆ 2

ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್‌ನಲ್ಲಿರೋ ಈ ಕ್ಲಿನಿಕ್ಕಲ್ಲಿ ನಾಲ್ಕು ತಿಂಗಳು ಶನಿವಾರ ವಾಲಂಟಿಯರ್ ಆಗಿದ್ದೆ. ಹೆಸರು ಹಾಕಲ್ಲ, ಬೈಯೋದೂ ಇದೆ. ಬರೋರೆಲ್ಲ ಹೆಚ್ಚುಕಮ್ಮಿ ಮೆಕ್ಸಿಕನ್, ಸಾಲ್ವಡಾರ್ ಮನೆ ಮಕ್ಳು, ಗೇ, ಬೈ, ಟ್ರಾನ್ಸ್, ಏನಂತ ಇನ್ನೂ ಗೊತ್ತಾಗಿಲ್ಲ ಅನ್ನೋರೂ ಇದ್ರು.

ಎಚ್‌ಐವಿ, ಸಿಫಿಲಿಸ್ ಟೆಸ್ಟಿಗೆ ಅಪ್ಪ ಅಮ್ಮನ ಸೈನ್ ಬೇಡ, ಕ್ಯಾಲಿಫೋರ್ನಿಯಾದಲ್ಲಿ 12 ತುಂಬಿದ್ರೆ ಅವರೇ ಒಪ್ಪಿಗೆ ಕೊಡಬಹುದು. ಎಚ್‌ಐವಿ ಬರದ ಹಾಗೆ ತಗೊಳೋ ಪ್ರೆಪ್ ಮಾತ್ರೆಗೆ 2018ರಿಂದ 35 ಕೆಜಿ ದಾಟಿದ ಹದಿಹರೆಯದವರಿಗೂ ಅನುಮತಿ ಇದೆ, ಅದನ್ನೂ ನರ್ಸಮ್ಮ ಮುಖ ಸಿಂಡರಿಸದೆ ಬಿಡಿಸಿ ಹೇಳ್ತಾರೆ. ವೇಪ್ (ಇ-ಸಿಗರೇಟ್) ಸೇದ್ತೀಯಾ ಅಂತ ಕೇಳಿ ಭಾಷಣ ಬಿಗಿಯಲ್ಲ, ಯಾವಾಗ ಸೇದ್ತೀಯ ಅಂತಾರೆ ಅಷ್ಟೇ. ಒಬ್ಬ ಹುಡುಗ "ಮನೇಲಿ ಊಟ ಮುಗಿಸಿ ಎದ್ದ ಮೇಲೆ" ಅಂದ. ಅಪ್ಪ ಏನಂದ್ರು ಊಟದ ಹೊತ್ತಲ್ಲಿ ಅಂತ ಯಾರೂ ಕೇಳ್ಲಿಲ್ಲ, ಕೇಳೋದೂ ಬೇಕಿರ್ಲಿಲ್ಲ.

ಕಂಪ್ಯೂಟರ್ ಮಾತ್ರ ದಂಡ. ಇವರಿಗೆ ಎರಡೆರಡು ಸರ್‌ನೇಮ್, ಅದು ತಗೊಳೋದು ಒಂದೇ, ಗಾರ್ಸಿಯಾ ಅಂತ ಕೂಗಿದ್ರೆ ಮೂರು ಜನ ಎದ್ದು ನಿಲ್ತಾರೆ. ಗೋಡೆ ಮೇಲೆ ಆತ್ಮಹತ್ಯೆ ತಡೆಯೋ ಸಹಾಯವಾಣಿ 988ಕ್ಕೆ ಕಾಲ್ ಮಾಡಿ 3 ಒತ್ತಿ ಅಂತ ಪೋಸ್ಟರ್, ಆದ್ರೆ ಎಲ್‌ಜಿಬಿಟಿ ಮಕ್ಕಳ ಆ ಲೈನನ್ನ ಸರ್ಕಾರ 2025ರ ಜುಲೈ 17ಕ್ಕೇ ಮುಚ್ಚಿದೆ. ಸ್ಪಾನಿಷ್‌ಗೆ 2 ಒತ್ತಿ ಅಂತ ನಾನೇ ಚೀಟಿ ಬರೆದು ಅಂಟಿಸಿದೆ.

ಆದ್ರೆ ನನ್ನ ಅಸಲಿ ತಕರಾರು ಬೇರೆ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಯೂನಿವರ್ಸಿಟಿಯ ಫ್ಯಾಮಿಲಿ ಆಕ್ಸೆಪ್ಟೆನ್ಸ್ ಪ್ರಾಜೆಕ್ಟ್‌ನವರು ಗೇ, ಲೆಸ್ಬಿಯನ್, ಬೈ ಆಗಿರೋ ಬಿಳಿಯ ಮತ್ತೆ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಯುವಕ ಯುವತಿಯರನ್ನ ಮಾತಾಡಿಸಿ 2009ರಲ್ಲೇ ಬರೆದಿದ್ರು, ಮನೆಯವರು ತಿರಸ್ಕರಿಸದ ಅಥವಾ ಕಮ್ಮಿ ತಿರಸ್ಕರಿಸಿದವರಿಗೆ ಹೋಲಿಸಿದ್ರೆ, ತೀರಾ ತಿರಸ್ಕರಿಸಿದವರಲ್ಲಿ ಆತ್ಮಹತ್ಯೆಗೆ ಪ್ರಯತ್ನ 8.4 ಪಟ್ಟು, ಡ್ರಗ್ಸು, ಕಾಂಡೋಮ್ ಇಲ್ಲದ ಸೆಕ್ಸು ಮೂರು ಪಟ್ಟಿಗೂ ಜಾಸ್ತಿ ಅಂತ, ಮನೇಲಿ ಅತಿ ಹೆಚ್ಚು ತಿರಸ್ಕಾರ ಅನುಭವಿಸಿದ್ದು ಲ್ಯಾಟಿನೋ ಗಂಡುಹುಡುಗ್ರು. ಅಂದ್ಮೇಲೆ ಇಂಥ ಮಕ್ಕಳ ತಾಯಂದಿರಿಗೆ ಕ್ಲಿನಿಕ್ ನಡೆಸೋ ಕ್ಲಾಸನ್ನ ಮಂಗಳವಾರ ಬೆಳಿಗ್ಗೆ 11ಕ್ಕೆ ಇಟ್ರೆ ಯಾರಪ್ಪಾ ಬರ್ತಾರೆ?

ಒಬ್ಬ ಅಮ್ಮ ಹೋಟೆಲ್ ಯೂನಿಫಾರ್ಮಲ್ಲೇ ಬಂದು ಕೂತಿದ್ರು, ಮಗ ಒಳಗೆ. ಸ್ಪಾನಿಷ್ ಪುಸ್ತಿಕೇನ ಸೂಪರ್‌ಮಾರ್ಕೆಟ್ ಆಫರ್ ಪೇಪರ್ ಒಳಗಿಟ್ಕೊಂಡು ಓದ್ತಿದ್ರು, ನಾಲ್ಕನೇ ಪುಟಾನೇ ಎರಡು ಸಲ. ಆಮೇಲೆ ಬಂದು ಮೆತ್ತಗೆ ಕೇಳಿದ್ರು, ಶನಿವಾರ ಇಲ್ವಾ ಈ ಕ್ಲಾಸು?

ಮ್ಯಾನೇಜರ್‌ಗೆ ಮೂರು ಸಲ ಹೇಳಿದೆ. ನೋಡೋಣ ಅಂದ್ರು, ಇನ್ನೂ ನೋಡ್ತಾನೇ ಇದಾರೆ.