ಕ್ಲಾಡಿನ್-5 ನೋಡಲು ಮೆಥನಾಲೋ, ಪಿಎಫ್‌ಎಯೋ?

ಮಿದುಳಿನ ರಕ್ತನಾಳದ ಒಳಪದರದ ಕೋಶಗಳಲ್ಲಿ ಟೈಟ್ ಜಂಕ್ಷನ್ (ಅಕ್ಕಪಕ್ಕದ ಕೋಶಗಳನ್ನು ಬಿಗಿಯಾಗಿ ಬೆಸೆದು ಸೋರಿಕೆ ತಡೆಯುವ ಸಂಧಿ) ಗಟ್ಟಿಯಾಗಿದೆಯೇ ಎಂದು ತಿಳಿಯಲು ಮೊದಲು ನೋಡಬೇಕಾದ ಪ್ರೋಟೀನ್ ಕ್ಲಾಡಿನ್-5. ಅದಿಲ್ಲದ ಇಲಿಮರಿಗಳ ರಕ್ತನಾಳ ನೋಡಲು ಸರಿಯಾಗಿಯೇ ಇರುತ್ತದೆ, ರಕ್ತಸ್ರಾವವೂ ಇಲ್ಲ. ಆದರೂ 800 ಡಾಲ್ಟನ್‌ಗಿಂತ (ಡಾಲ್ಟನ್ ಅಂದರೆ ಅಣುತೂಕದ ಅಳತೆ) ಸಣ್ಣ ಅಣುಗಳು ಮಿದುಳಿಗೆ ಸೋರುತ್ತವೆ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮರಿಗಳು ಸಾಯುತ್ತವೆ. 2003ರಲ್ಲಿ ಜಪಾನಿನ ಸಂಶೋಧಕರು ಇದನ್ನು ತೋರಿಸಿದರು. ಹೊಳೆಯುವ ಪ್ರತಿಕಾಯ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ತೆಗೆಯುವ ಇಂಥ ಪ್ರೋಟೀನಿನ ಚಿತ್ರ ಕೆಡುವುದು ಬಹುಪಾಲು ಫಿಕ್ಸ್ ಮಾಡುವ, ಅಂದರೆ ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸುವ, ಹಂತದಲ್ಲಿ.

ಒಂದೇ ತಟ್ಟೆಯ ಕವರ್‌ಸ್ಲಿಪ್‌ಗಳನ್ನು (ಕೋಶ ಬೆಳೆಸಿದ ತೆಳು ಗಾಜಿನ ತುಂಡು) ಮೆಥನಾಲ್, ಪಿಎಫ್‌ಎ (ಪ್ಯಾರಾಫಾರ್ಮಾಲ್ಡಿಹೈಡ್) ಎರಡೂ ಬಗೆಯಲ್ಲಿ ಫಿಕ್ಸ್ ಮಾಡಿ ನೋಡಿದಾಗ ಕ್ಲಾಡಿನ್-5ಕ್ಕೆ ಮೆಥನಾಲೇ ಮೇಲು. ಮೈನಸ್ 20 ಡಿಗ್ರಿಯಲ್ಲಿಟ್ಟ ಮೆಥನಾಲ್, 5 ನಿಮಿಷ, ಅಷ್ಟೇ. ಕೋಶದ ಅಂಚಿನಲ್ಲಿ ತೆಳ್ಳನೆಯ, ಎಲ್ಲೂ ಕಡಿಯದ ಗೆರೆ ಸಿಗುತ್ತದೆ. ಮೆಥನಾಲ್ ಪೊರೆಯ ಕೊಬ್ಬನ್ನು ಕರಗಿಸಿ ಪ್ರೋಟೀನನ್ನು ಇದ್ದಲ್ಲೇ ಹೆಪ್ಪುಗಟ್ಟಿಸುತ್ತದೆ, ಆದರೆ ಪಿಎಫ್‌ಎಯಂತೆ ಪ್ರೋಟೀನುಗಳ ನಡುವೆ ಅಡ್ಡಕೊಂಡಿ ಹಾಕುವುದಿಲ್ಲ. ಹಾಗಾಗಿ ಕೋಶದೊಳಗಿರುವ ಕ್ಲಾಡಿನ್ ಬಾಲಕ್ಕೆ ಪ್ರತಿಕಾಯ ಸುಲಭವಾಗಿ ತಲುಪುತ್ತದೆ, ಪೊರೆಗೆ ತೂತು ಮಾಡುವ ಟ್ರೈಟನ್ ಮಾರ್ಜಕ ಬೇಕಾಗಿಲ್ಲ. ಮೆಥನಾಲ್ ಹಾಕುವ ಮುನ್ನ ಪಿಬಿಎಸ್ (ತೊಳೆಯುವ ಉಪ್ಪುದ್ರಾವಣ) ಪೂರ್ತಿ ಬಸಿಯಿರಿ, ನೀರು ಉಳಿದರೆ ಫಿಕ್ಸ್ ಆಗುವುದು ಒಂದೊಂದು ಕಡೆ ಒಂದೊಂದು ಥರ. ಆಮೇಲೆ ಒಣಗಲೂ ಬಿಡಬಾರದು.

ಮೆಥನಾಲಿನ ಕೊರತೆಗಳೂ ಸಣ್ಣವಲ್ಲ. ಕೋಶದ ಹಂದರವಾದ ಆಕ್ಟಿನ್ ತಂತುಗಳ ರಚನೆ ಹಾಳಾಗುವುದರಿಂದ ಅವನ್ನು ತೋರಿಸುವ ಫ್ಯಾಲಾಯ್ಡಿನ್ ಹಿಡಿಯುವುದಿಲ್ಲ, ಜಿಎಫ್‌ಪಿಯ (ಹಸಿರಾಗಿ ಹೊಳೆಯುವ ಪ್ರೋಟೀನ್) ಹೊಳಪು ಮಂಕಾಗುತ್ತದೆ. ಕೋಶಗಳು ಕುಗ್ಗಿ ನಡುವೆ ಸಣ್ಣ ಸಂದುಗಳೂ ಕಾಣಬಹುದು. ಅದನ್ನು ರಕ್ತ-ಮಿದುಳು ತಡೆಗೋಡೆ ಒಡೆದ ಗುರುತೆಂದು ಎಣಿಸಬೇಡಿ.

ಪಿಎಫ್‌ಎ ಬಳಸುವುದಾದರೆ 4%, ಕೋಣೆಯ ಉಷ್ಣತೆಯಲ್ಲಿ 10 ನಿಮಿಷ. ನಂತರ ಉಳಿದ ಪಿಎಫ್‌ಎಯನ್ನು ತಣಿಸಲು 100 ಮಿಲಿಮೋಲಾರ್ ಗ್ಲೈಸಿನ್, ಆಮೇಲೆ 0.1% ಟ್ರೈಟನ್. ಆಕ್ಟಿನ್‌ಗೂ ಕೋಶಗಳನ್ನು ಒಂದಕ್ಕೊಂದು ಹಿಡಿಸುವ ವಿಇ-ಕ್ಯಾಡ್ಹೆರಿನ್‌ಗೂ ಇದು ಚೆನ್ನ. ಟೈಟ್ ಜಂಕ್ಷನ್ನಿನ ಇನ್ನೊಂದು ಪ್ರೋಟೀನ್ ಜೆಡ್‌ಒ-1 ಎರಡರಲ್ಲೂ ಬರುತ್ತದೆ. ಕ್ಲಾಡಿನ್-5 ಮಾತ್ರ ಚುಕ್ಕೆಚುಕ್ಕೆಯಾಗಿ, ಹಿನ್ನೆಲೆಯ ಮಬ್ಬಿನೊಂದಿಗೆ ಬರುತ್ತದೆ. ಹೊತ್ತು ಹೆಚ್ಚಾದಷ್ಟೂ ಅಡ್ಡಕೊಂಡಿಗಳು ಪ್ರತಿಕಾಯ ಹಿಡಿಯುವ ಜಾಗವನ್ನೇ ಮುಚ್ಚುತ್ತವೆ. ಆಕ್ಟಿನ್ನೂ ಕ್ಲಾಡಿನ್ನೂ ಎರಡೂ ಬೇಕೆಂದರೆ ಬೇರೆ ಬೇರೆ ಕವರ್‌ಸ್ಲಿಪ್ ಇಡುವುದೇ ವಾಸಿ.

ಎರಡಕ್ಕೂ ಸಲ್ಲುವ ಎಚ್ಚರಿಕೆ: ಫಿಕ್ಸ್‌ಗೆ ಮುಂಚಿನ ತೊಳೆತಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಪಿಬಿಎಸ್ಸೇ ಆಗಬೇಕು. ಕ್ಯಾಡ್ಹೆರಿನ್‌ಗಳು ಒಂದನ್ನೊಂದು ಹಿಡಿದಿರುವುದು ಕ್ಯಾಲ್ಸಿಯಂ ಬಲದಿಂದ. ಅದಿಲ್ಲದೆ ಹೊತ್ತು ಕಳೆದರೆ ಸಂಧಿ ನಿಜವಾಗಿಯೇ ಬಿಚ್ಚಿಕೊಳ್ಳುತ್ತದೆ.

ಗೆರೆ ಚೆನ್ನಾಗಿ ಬಂದರೂ ಸೋರಿಕೆಯನ್ನು ಬೇರೆಯಾಗಿ ಅಳೆಯಬೇಕು. ಅದಕ್ಕೆ 376 ಡಾಲ್ಟನ್ನಿನ ಸೋಡಿಯಂ ಫ್ಲೋರೆಸೀನ್ ಎಂಬ ಹೊಳೆಯುವ ಬಣ್ಣ ಸರಿ. 70 ಕಿಲೋಡಾಲ್ಟನ್ ಡೆಕ್ಸ್‌ಟ್ರಾನ್ (ಸಕ್ಕರೆ ಕೊಂಡಿಗಳ ದೊಡ್ಡ ಅಣು) ಕ್ಲಾಡಿನ್-5ರ ಕೊರತೆಯನ್ನು ಹಿಡಿಯಲಾರದಷ್ಟು ದೊಡ್ಡದು.