ರ‍್ಯಾಪ್ ಕೀಳಿಸುವ ಮುನ್ನ ಅದರಡಿಯ ಬಣ್ಣ ಎಂಥದ್ದೆಂದು ನೋಡಿಕೊಳ್ಳಿ

ಹಳೆಯ ಕಾರಿನ ಮೈಗೆ ಅಂಟಿಸಿದ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು, ಅಂದರೆ ವಿನೈಲ್ ರ‍್ಯಾಪ್ ತೆಗೆಸಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಕಾರಿಗೆ ಆದ ಗತಿ ಇನ್ನೊಬ್ಬರ ಕಾರಿಗೆ ಆಗಬಾರದು.

ಅಪ್ಪನ ಓಡಾಟಕ್ಕೆಂದು ಬಳ್ಳಾರಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಆರ್‌ಸಿಯಲ್ಲಿ ಬಣ್ಣ ಬಿಳಿ ಎಂದಿದೆ. ಹಿಂದಿನ ಮಾಲೀಕರು ಮೈತುಂಬ ಮ್ಯಾಟ್ ಕಪ್ಪು ಹೊದಿಸಿದ್ದರು. ತಪಾಸಣೆಗೆ ನಿಲ್ಲಿಸಿದಾಗಲೆಲ್ಲ ಅದೇ ಪ್ರಶ್ನೆ. ತೆಗೆಸಿಬಿಡೋಣ ಎಂದು ಸ್ಟಿಕ್ಕರ್ ಅಂಗಡಿಗೆ ಒಯ್ದೆವು. ಬಿಸಿಗಾಳಿ ಬಿಡುವ ಹೀಟ್ ಗನ್ ಹಿಡಿದೇ ಕೀಳುತ್ತೀರಲ್ಲವೇ ಎಂದು ಅಪ್ಪ ಕೇಳಿದ್ದಕ್ಕೆ, 'ಚಿಂತೆ ಬಿಡಿ ಸರ್, ಸಂಜೆ ಬಂದು ಗಾಡಿ ತೆಗೆದುಕೊಂಡು ಹೋಗಿ' ಎಂದರು.

ಸಂಜೆ ಹೋದರೆ ಬಾನೆಟ್ ಮೇಲೆಲ್ಲ ಬ್ಲೇಡಿನ ಗೆರೆಗಳು. ಬಿಸಿ ಮಾಡದೆ ಕಿತ್ತಿದ್ದರಿಂದ ಹಾಳೆ ಉಗುರಿನಷ್ಟು ಚೂರುಗಳಾಗಿ ಒಡೆದಿತ್ತು, ಉಳಿದದ್ದನ್ನು ಹೆರೆದಿದ್ದರು. ಎಡಗಡೆಯ ಹಿಂಬಾಗಿಲಿನದು ಇನ್ನೂ ಘೋರ: ನೆಲದಲ್ಲಿ ಬಿದ್ದಿದ್ದ ಕಪ್ಪು ಹಾಳೆಯನ್ನು ತಿರುವಿ ನೋಡಿದರೆ ಅದರ ಬೆನ್ನಿಗೆ ಬಿಳಿ ಬಣ್ಣ ಪದರಪದರವಾಗಿ ಅಂಟಿಕೊಂಡಿತ್ತು, ಬಾಗಿಲಲ್ಲಿ ತಗ್ಗು ತುಂಬಲು ಮೆತ್ತಿದ್ದ ಪುಟ್ಟಿ ಕಾಣುತ್ತಿತ್ತು. ಗಮ್ ತೆಗೆಯಲು ಸುರಿದ ಥಿನ್ನರ್ ತಗುಲಿ ಒಂದು ಹೆಡ್‌ಲೈಟ್ ಮಸುಕಾಗಿತ್ತು.

'ನಿಮ್ಮ ಪೇಂಟೇ ಸರಿಯಿಲ್ಲ' ಎಂದರು ಅಂಗಡಿಯವರು. ಬಾಗಿಲಿನ ಮಟ್ಟಿಗೆ ಅದು ನಿಜ. ಕಾರ್ಖಾನೆಯಲ್ಲಿ ಕಾರಿನ ಬರಿಯ ಲೋಹದ ಮೈಗೆ ಹೊಡೆದ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸುತ್ತಾರೆ. ಟಿಂಕರಿಂಗ್ ಆದಮೇಲೆ ಗ್ಯಾರೇಜಿನಲ್ಲಿ ಹೊಡೆದ ಬಣ್ಣಕ್ಕೆ ಅಷ್ಟು ಶಾಖ ಕೊಡಲು ಬರುವುದಿಲ್ಲ. ಕೆಳಪದರವನ್ನು ಸರಿಯಾಗಿ ಉಜ್ಜದೆ ಹೊಡೆದಿದ್ದರಂತೂ ಹಿಡಿತವೇ ಇರುವುದಿಲ್ಲ. ಅಂಥ ಬಾಗಿಲನ್ನು ರ‍್ಯಾಪ್ ಮುಚ್ಚಿಟ್ಟಿತ್ತು. ಆದರೆ ಬಾನೆಟ್ಟಿನ ಗೆರೆಗಳು ಪೇಂಟಿನ ದೋಷವಲ್ಲ, ಅವಸರದ ಕೆಲಸ. ಅದನ್ನು ಅವರು ಒಪ್ಪಲೇ ಇಲ್ಲ.

ಬಯಲುಸೀಮೆಯ ಬಿಸಿಲಿನಲ್ಲಿ ಬಾನೆಟ್ ಮತ್ತು ಟಾಪ್ ಮೇಲಿನ ಹಾಳೆ ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಅಗ್ಗದ ಹಾಳೆಯನ್ನು ಮೆದುವಾಗಿಡುವ ರಾಸಾಯನಿಕ ಹೊರಟುಹೋಗಿ ಅದು ಪೆಡಸಾಗುತ್ತದೆ, ಗಮ್ ಮಾತ್ರ ಬಣ್ಣವನ್ನು ಕಚ್ಚಿಕೊಂಡಿರುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಬಿಸಿ ಮಾಡುತ್ತ, ನೇರ ಮೇಲಕ್ಕೆ ಜಗ್ಗದೆ ವಾಲಿಸಿ ನಿಧಾನವಾಗಿ ಎಳೆಯಬೇಕು. ಇಡೀ ಕಾರಿಗೆ ಒಂದು ದಿನಕ್ಕಿಂತ ಹೆಚ್ಚು ಹಿಡಿದರೂ ಆಶ್ಚರ್ಯವಿಲ್ಲ. ಬೇಗ ಮುಗಿಸುತ್ತೇವೆ ಎನ್ನುವವರಿಗೆ ಕೀಲಿ ಕೊಡಬೇಡಿ.

ಅದಕ್ಕೂ ಮೊದಲು ಪೇಂಟಿನ ದಪ್ಪ ಅಳೆಯುವ ಮೀಟರ್ ಇರುವವರಿಂದ ಪ್ರತಿ ಬಾಗಿಲನ್ನೂ ಅಳೆಸಿ. ಕಬ್ಬಿಣದ ಭಾಗಗಳಲ್ಲಿ ಅದು ರ‍್ಯಾಪ್ ಮೇಲಿಂದಲೇ ಕೆಲಸ ಮಾಡುತ್ತದೆ. ಕಂಪನಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಇರುತ್ತದೆ, ಹಾಳೆಯ ದಪ್ಪ ಅದಕ್ಕೆ ಸೇರುತ್ತದೆ. ಒಂದು ಬಾಗಿಲು ಮಾತ್ರ ಉಳಿದವುಗಳ ಎರಡು ಮೂರು ಪಟ್ಟು ತೋರಿಸಿದರೆ ಅಲ್ಲಿ ಮತ್ತೆ ಬಣ್ಣ ಹೊಡೆದಿದ್ದಾರೆ, ಪುಟ್ಟಿಯೂ ಇರಬಹುದು ಎಂದು ತಿಳಿಯಿರಿ. ಆ ಬಾಗಿಲಿಗೆ ಮತ್ತೆ ಬಣ್ಣ ಹೊಡೆಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ನಿಮ್ಮೆದುರಿಗೇ ಕಿತ್ತು ತೋರಿಸಲು ಹೇಳಿ. ಬ್ಲೇಡ್, ಥಿನ್ನರ್ ಮುಟ್ಟುವುದಿಲ್ಲ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಗಾಡಿ ಬಿಡುವಾಗ ಸುತ್ತಲೂ ಫೋಟೊ ತೆಗೆದಿಡಿ. ಅಪ್ಪ ಬೆಳಿಗ್ಗೆ ತೆಗೆದಿದ್ದ ಫೋಟೊದಲ್ಲಿ ಹೆಡ್‌ಲೈಟ್ ತಿಳಿಯಾಗಿ ಕಂಡದ್ದರಿಂದಲೇ ಅದರ ಹಣವನ್ನಾದರೂ ಅಂಗಡಿಯವರು ಕೊಟ್ಟರು. ಬಾನೆಟ್ ಮತ್ತು ಬಾಗಿಲಿನ ಖರ್ಚು ನಮ್ಮ ತಲೆಗೇ ಬಂತು.